ತಂಡ ಹೋಯಿತು, ಬ್ಯಾಂಡ್ ಉಳಿಯಿತು

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ತಂಡಗಳಿಗೆ ಬ್ಯಾಂಡ್ ಇರುವುದು ಮಾಮೂಲು. ವೃತ್ತಿಪರ ತಂಡಗಳಲ್ಲಿ ಮಾತ್ರ ಆ ಸಂಪ್ರದಾಯ ತೀರ ಅಪರೂಪ. ಹೆಸರು ಹೇಳುವಂಥವು ಎರಡೇ: 1937ರಲ್ಲಿ ಶುರುವಾದ ವಾಷಿಂಗ್ಟನ್ನಿನ ಬ್ಯಾಂಡ್, 1947ರಲ್ಲಿ ಶುರುವಾದ ಬಾಲ್ಟಿಮೋರಿನ ಬ್ಯಾಂಡ್. ಎರಡನೆಯದರಲ್ಲಿ ನುಡಿಸುವವರಿಗೆ ಸಂಬಳವಿಲ್ಲ. ವಾರವಿಡೀ ತಮ್ಮ ತಮ್ಮ ಕೆಲಸ ನೋಡಿಕೊಂಡು, ಸಂಜೆ ಅಭ್ಯಾಸಕ್ಕೆ ಬಂದು, ಪಂದ್ಯದ ದಿನ ಸಮವಸ್ತ್ರ ಹಾಕಿಕೊಂಡು ಮೈದಾನಕ್ಕೆ ಇಳಿಯುವ ಜನ. ಹಾಫ್‌ಟೈಮಿನಲ್ಲಿ ಸಾಲುಗಟ್ಟಿ ಹೆಜ್ಜೆ ಹಾಕುತ್ತ, ಆಕಾರಗಳನ್ನು ಕಟ್ಟುತ್ತ ತುತ್ತೂರಿ, ಟ್ರಾಂಬೋನ್, ಡ್ರಮ್ಮು ಬಾರಿಸಿ ಹೋಗುತ್ತಾರೆ. ಪಂದ್ಯವೇ ಮುಖ್ಯ, ಬ್ಯಾಂಡ್ ಅದರ ಜೊತೆಗೆ ಬರುವ ಮೇಳ ಎಂದು ಯಾರಾದರೂ ತಿಳಿದುಕೊಂಡಾರು. ಬಾಲ್ಟಿಮೋರಿನಲ್ಲಿ 12 ವರ್ಷ ರಾಷ್ಟ್ರೀಯ ಲೀಗಿನ ಪಂದ್ಯವೂ ಇರಲಿಲ್ಲ, ತಂಡವೂ ಇರಲಿಲ್ಲ, ಬ್ಯಾಂಡ್ ಇತ್ತು. ದಸರೆಯಲ್ಲಿ ಆನೆಯೂ ಅಂಬಾರಿಯೂ ಇಲ್ಲದೆ ವಾದ್ಯದವರು ಮಾತ್ರ ವರ್ಷ ವರ್ಷವೂ ಬನ್ನಿಮಂಟಪದವರೆಗೆ ನಡೆದು ಬಂದರೆ ಹೇಗಿದ್ದೀತೋ ಹಾಗೆ.

ಮೇರಿಲ್ಯಾಂಡಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬಹುಪಾಲು ಮಂದಿ ಹಳೆಯ ತಂಡ ಊರು ಬಿಟ್ಟ 1984ರ ನಂತರ ಇಲ್ಲಿಗೆ ಬಂದವರು. ನಮಗೆ ಗೊತ್ತಿರುವುದು ನೇರಳೆ ಬಣ್ಣದ ರೇವೆನ್ಸ್ ತಂಡ. ಆದರೆ ಕಚೇರಿಯಲ್ಲೋ ಪಕ್ಕದ ಮನೆಯಲ್ಲೋ ಇರುವ ಎಪ್ಪತ್ತು ದಾಟಿದ ಬಾಲ್ಟಿಮೋರಿಗರನ್ನು ಮಾತಿಗೆಳೆದು ನೋಡಿ, ನಾಲ್ಕನೆಯ ವಾಕ್ಯಕ್ಕೆ ‘ಕೋಲ್ಟ್ಸ್’ ಬರುತ್ತದೆ, ಐದನೆಯದಕ್ಕೆ ಯುನಿಟಸ್. ಈ ಲೇಖನ ಅವರ ಪರವಾಗಿ.

ಕುದುರೆ ರೇಸಿಗೆ ಹೆಸರಾದ ಊರು ಬಾಲ್ಟಿಮೋರ್. ಹಾಗಾಗಿ ಫುಟ್‌ಬಾಲ್ ತಂಡಕ್ಕೆ ‘ಕೋಲ್ಟ್ಸ್’, ಅಂದರೆ ಕುದುರೆ ಮರಿಗಳು, ಎಂದು ಹೆಸರಿಟ್ಟರು. ಈ ತಂಡ ಕೂಡ ಎತ್ತಂಗಡಿಯಾಗಿಯೇ ಬಂದದ್ದು. ಮಯಾಮಿಯಲ್ಲಿ ಒಂದೇ ಋತುವಿಗೆ ದಿವಾಳಿಯಾದ ಸೀಹಾಕ್ಸ್ ತಂಡವನ್ನು 1947ರಲ್ಲಿ ಇಲ್ಲಿಗೆ ತಂದರು. ಅದೇ ವರ್ಷ ಬ್ಯಾಂಡೂ ಹುಟ್ಟಿತು. ಹಸಿರು ಮತ್ತು ಬೆಳ್ಳಿ ಬಣ್ಣದ ಆ ಮೊದಲ ಕೋಲ್ಟ್ಸ್ 1950ರ ಋತುವಿನಲ್ಲಿ ಒಂದು ಪಂದ್ಯ ಗೆದ್ದು ಹನ್ನೊಂದನ್ನು ಸೋತು ಬಾಗಿಲು ಮುಚ್ಚಿತು. ಬ್ಯಾಂಡ್ ಮುಚ್ಚಲಿಲ್ಲ. 1951, 1952 ಎರಡೂ ವರ್ಷ ಇಲ್ಲದ ತಂಡದ ಹೆಸರಿನಲ್ಲಿ ನುಡಿಸುತ್ತ ಬಂದಿತು. ಮುಂದೆ ಬರಲಿದ್ದ ದೊಡ್ಡ ಪರೀಕ್ಷೆಗೆ ಅದು ಆಗಲೇ ತಾಲೀಮು ನಡೆಸಿತ್ತು ಅನ್ನಬೇಕು.

1952ರ ಕೊನೆಯಲ್ಲಿ ವೃತ್ತಿಪರ ತಂಡಗಳ ರಾಷ್ಟ್ರೀಯ ಲೀಗ್ ಒಂದು ಷರತ್ತು ಹಾಕಿತು: ಆರು ವಾರದಲ್ಲಿ 15,000 ಸೀಸನ್ ಟಿಕೆಟ್ ಮಾರಿದರೆ ಮತ್ತೆ ತಂಡ ಕೊಡುತ್ತೇವೆ. ಬಾಲ್ಟಿಮೋರ್ ಗಡುವಿಗೆ ಮುಂಚೆಯೇ ಮಾರಿ ಮುಗಿಸಿತು. ಕ್ಯಾರೊಲ್ ರೋಸೆನ್‌ಬ್ಲೂಮ್ ಮಾಲೀಕರಾದರು. ಡಲ್ಲಾಸಿನಲ್ಲಿ ಮುರಿದುಬಿದ್ದ ಟೆಕ್ಸನ್ಸ್ ತಂಡದ ಆಟಗಾರರೂ ಅದರ ನೀಲಿ-ಬಿಳಿ ಬಣ್ಣವೂ ಜೊತೆಗೆ ಬಂದವು. ಬೇರೆ ಊರಿನ ಮನೆ ಮುರಿದ ಮೇಲೇ ಈ ಊರಿನ ಮನೆ ಎದ್ದದ್ದು, ಅದೂ ಎರಡು ಸಲ, ಎಂಬುದನ್ನು ಬಾಲ್ಟಿಮೋರಿನ ಹಳಬರು ಹೆಚ್ಚು ಹೇಳಿಕೊಳ್ಳುವುದಿಲ್ಲ.

ಆಮೇಲೆ ಬಂದವರು ಊರು ಇನ್ನೂ ನೆನೆಯುವ ಆಟಗಾರರು.

ಜಾನಿ ಯುನಿಟಸ್ ಪಿಟ್ಸ್‌ಬರ್ಗಿನವರು. 1955ರಲ್ಲಿ ತವರೂರಿನ ಸ್ಟೀಲರ್ಸ್ ತಂಡ ಅವರನ್ನು ಒಂಬತ್ತನೆಯ ಸುತ್ತಿನಲ್ಲಿ ಆರಿಸಿ, ಒಂದು ಪಂದ್ಯವನ್ನೂ ಆಡಿಸದೆ ಮನೆಗೆ ಕಳಿಸಿತು. ಹೆಂಡತಿ ಮಕ್ಕಳಿದ್ದ ಸಂಸಾರಿ. ಹಗಲು ಕಟ್ಟಡದ ಕೆಲಸ, ಬಿಡುವಿನಲ್ಲಿ ಬ್ಲೂಮ್‌ಫೀಲ್ಡ್ ರ‍್ಯಾಮ್ಸ್ ಎಂಬ ಸ್ಥಳೀಯ ತಂಡಕ್ಕೆ ಪಂದ್ಯಕ್ಕೆ ಆರು ಡಾಲರಿನಂತೆ ಆಟ. ಮೈದಾನದಲ್ಲಿ ಹುಲ್ಲಿಗಿಂತ ಕಲ್ಲೇ ಹೆಚ್ಚು. 1956ರಲ್ಲಿ ಕೋಲ್ಟ್ಸ್ ಕರೆದು ಪರೀಕ್ಷಿಸಿ ಸೇರಿಸಿಕೊಂಡಿತು. ಮುಖ್ಯ ಕ್ವಾರ್ಟರ್‌ಬ್ಯಾಕ್ ಗಾಯಗೊಂಡಾಗ ಮೈದಾನಕ್ಕಿಳಿದ ಯುನಿಟಸ್ ಎಸೆದ ಮೊದಲ ಪಾಸನ್ನೇ ಶಿಕಾಗೊದ ಆಟಗಾರ ಹಿಡಿದು ಟಚ್‌ಡೌನ್ ಮಾಡಿಬಿಟ್ಟ. ಆ ಪಂದ್ಯ 58-27ರಲ್ಲಿ ಸೋಲು. ಅದೇ ವರ್ಷ ಶುರುವಾದ ಅವರ ಸರಣಿ, ಸತತ 47 ಪಂದ್ಯಗಳಲ್ಲಿ ಕನಿಷ್ಠ ಒಂದು ಟಚ್‌ಡೌನ್ ಪಾಸ್, 1960ರವರೆಗೆ ನಡೆಯಿತು. ಅದನ್ನು ಮುರಿಯಲು 2012ರಲ್ಲಿ ಡ್ರೂ ಬ್ರೀಸ್ ಬರಬೇಕಾಯಿತು.

ಕತ್ತರಿಸಿದ ಮೋಟು ಕೂದಲು, ಸ್ವಲ್ಪ ಬಾಗಿದ ಬೆನ್ನು, ಕಣಕಾಲು ಮುಚ್ಚುವ ಕಪ್ಪು ಬೂಟು. ಯುನಿಟಸ್ ಸಿನಿಮಾ ನಾಯಕನ ಹಾಗೆ ಕಾಣುತ್ತಿರಲಿಲ್ಲ; ಸ್ಪ್ಯಾರೋಸ್ ಪಾಯಿಂಟಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವವನ ಹಾಗೆ ಕಾಣುತ್ತಿದ್ದರು. ಬಾಲ್ಟಿಮೋರಿಗೆ ಅವರು ಹಿಡಿಸಿದ್ದಕ್ಕೆ ಅರ್ಧ ಕಾರಣ ಅದೇ ಎಂದು ನನ್ನ ಅಂದಾಜು.

1958ರ ಡಿಸೆಂಬರ್ 28ರ ಪಂದ್ಯದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಈ ಊರಿನಲ್ಲಿ ಅದನ್ನು ಸಂಕ್ಷೇಪವಾಗಿ ಹೇಳಿದರೆ ಸಹಿಸುವುದಿಲ್ಲ. ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣ, ಎದುರಾಳಿ ನ್ಯೂಯಾರ್ಕ್ ಜೈಂಟ್ಸ್, ಲೀಗಿನ ಚಾಂಪಿಯನ್ ಪಟ್ಟ. ಆಟ ಮುಗಿಯಲು ಎರಡು ನಿಮಿಷವೂ ಇಲ್ಲ, ಕೋಲ್ಟ್ಸ್ 14-17ರಲ್ಲಿ ಹಿಂದೆ, ಚೆಂಡು ತಮ್ಮದೇ 14 ಗಜದ ಗೆರೆಯ ಬಳಿ. ಯುನಿಟಸ್ ರೇಮಂಡ್ ಬೆರಿಗೆ ಒಂದರ ಹಿಂದೆ ಒಂದು ಮೂರು ಪಾಸು ಎಸೆದರು. 62 ಗಜ ಮುಂದಕ್ಕೆ. ಬೆರಿ ಅವರ ದೃಷ್ಟಿ ಮಂದ, ಒಂದು ಕಾಲು ಇನ್ನೊಂದಕ್ಕಿಂತ ತುಸು ಗಿಡ್ಡ ಎಂದು ಪ್ರತೀತಿ. ಅಭ್ಯಾಸ ಮುಗಿದು ಉಳಿದವರೆಲ್ಲ ಮನೆಗೆ ಹೋದ ಮೇಲೂ ಯುನಿಟಸ್ ಮತ್ತು ಅವರು ಇಬ್ಬರೇ ನಿಂತು ಅದೇ ಪಾಸುಗಳನ್ನು ಮತ್ತೆ ಮತ್ತೆ ಎಸೆದು ಹಿಡಿದವರು. ಏಳು ಸೆಕೆಂಡು ಉಳಿದಿದ್ದಾಗ ಸ್ಟೀವ್ ಮೈರಾ ಫೀಲ್ಡ್ ಗೋಲ್ ಹೊಡೆದು ಸಮ ಮಾಡಿದರು. ಲೀಗಿನ ಇತಿಹಾಸದಲ್ಲಿ ಮೊದಲ ಬಾರಿಗೆ ಚಾಂಪಿಯನ್ ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಕೋಲ್ಟ್ಸ್ ಆಟಗಾರ ಜಿನೋ ಮಾರ್ಕೆಟಿ ಕಾಲು ಮುರಿದುಕೊಂಡಿದ್ದರು; ಸ್ಟ್ರೆಚರ್ ಮೇಲೆ ಮಲಗಿಸಿ ಒಯ್ಯುತ್ತಿದ್ದವರನ್ನು ತಡೆದು, ಗೆರೆಯ ಪಕ್ಕದಲ್ಲೇ ಇಳಿಸಿಕೊಂಡು ಆಟ ನೋಡಿದರು. 13 ಆಟಗಳಲ್ಲಿ 80 ಗಜ ಸಾಗಿ, ಕೊನೆಯ ಒಂದು ಗಜವನ್ನು ಅಲನ್ ಅಮೀಚೆ ತಲೆ ತಗ್ಗಿಸಿ ನುಗ್ಗಿ ದಾಟಿದರು. 23-17. ಅಮೆರಿಕದಲ್ಲಿ ಟೀವಿಯ ಮುಂದೆ ಜನ ಫುಟ್‌ಬಾಲಿಗಾಗಿ ಕೂರಲು ಶುರುಮಾಡಿದ್ದು ಈ ಪಂದ್ಯದಿಂದ ಎನ್ನುವುದುಂಟು. ತಂಡ ಮರಳಿ ಇಳಿದಾಗ ವಿಮಾನ ನಿಲ್ದಾಣದಲ್ಲಿ ಸಾವಿರಾರು ಜನ ಕಾದಿದ್ದರು. ಮರುವರ್ಷ ಅದೇ ಜೈಂಟ್ಸನ್ನು ಬಾಲ್ಟಿಮೋರಿನಲ್ಲೇ 31-16ರಲ್ಲಿ ಮಣಿಸಿದರು.

ಆಟಗಾರರ ಸಂಬಳ ಆಗ ಅಷ್ಟಕ್ಕಷ್ಟೇ. ಋತು ಮುಗಿದ ಮೇಲೆ ಬೇರೆ ಕೆಲಸ ಹುಡುಕಿಕೊಳ್ಳಬೇಕಿತ್ತು. ಹೀಗಾಗಿ ಅವರು ಊರಿನೊಳಗೆ ಸೇರಿಹೋದರು. ಅಮೀಚೆ ಮತ್ತು ಜೊತೆಗಾರರು 1957ರಲ್ಲಿ ಡಂಡಾಕ್ ಬಡಾವಣೆಯಲ್ಲಿ ಹ್ಯಾಂಬರ್ಗರ್ ಅಂಗಡಿ ತೆರೆದರು. ಮಾರ್ಕೆಟಿ ಹೆಸರಿನಲ್ಲಿ ‘ಜಿನೋಸ್’ ಆಗಿ ಅದು ನೂರಾರು ಕಡೆ ಹಬ್ಬಿತು. ಆರ್ಟ್ ಡೊನೊವನ್ ಮದ್ಯದಂಗಡಿ ನಡೆಸಿದರು. ತೂಕ 270 ಪೌಂಡು ದಾಟಿದರೆ ದಂಡ ಎಂಬ ಷರತ್ತು ಅವರ ಕರಾರಿನಲ್ಲಿತ್ತಂತೆ. ತಕ್ಕಡಿ ಹತ್ತುವಾಗ ಬಟ್ಟೆ ಬಿಚ್ಚಿದ್ದು ಸಾಲದೆ ಕಟ್ಟಿಸಿದ ಹಲ್ಲನ್ನೂ ತೆಗೆದಿಡುತ್ತಿದ್ದೆ ಎಂದು ಆಮೇಲೆ ಟೀವಿ ಕಾರ್ಯಕ್ರಮಗಳಲ್ಲಿ ದೇಶವನ್ನೇ ನಗಿಸಿದರು. ಯುನಿಟಸ್ 1968ರಲ್ಲಿ ‘ಗೋಲ್ಡನ್ ಆರ್ಮ್’ ಎಂಬ ಹೋಟೆಲು ಹಾಕಿದರು. ಇವರನ್ನೆಲ್ಲ ನೋಡಲು ಕ್ರೀಡಾಂಗಣಕ್ಕೇ ಹೋಗಬೇಕಾಗಿರಲಿಲ್ಲ.

ಈ ಚಿತ್ರಕ್ಕೆ ಇನ್ನೊಂದು ಮಗ್ಗುಲೂ ಇದೆ. ಲೆನ್ನಿ ಮೂರ್ ಆ ತಂಡದ ಅತ್ಯಂತ ಚುರುಕು ಓಟಗಾರ. ಭಾನುವಾರ ಅವರಿಗೆ ಐವತ್ತು ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಸೋಮವಾರ ಅದೇ ಊರಿನ ಎಷ್ಟೋ ಹೋಟೆಲು, ಸಿನಿಮಾ ಮಂದಿರಗಳ ಬಾಗಿಲು ಕಪ್ಪು ಜನರಿಗೆ ಮುಚ್ಚಿರುತ್ತಿತ್ತು, ಮೂರ್ ಅವರಿಗೂ. ಬಿಳಿಯ ಜೊತೆಗಾರರ ಜೊತೆ ಕೂತು ಉಣ್ಣಲಾಗದ ದಿನಗಳನ್ನು ಅವರು ಮುಂದೆ ಬರೆದುಕೊಂಡಿದ್ದಾರೆ. ಹಳೆಯ ಕಾಲವೆಂದರೆ ಎಲ್ಲರಿಗೂ ಒಂದೇ ಹಳೆಯ ಕಾಲವಲ್ಲ. ಆದರೂ ಮೂರ್ ಊರು ಬಿಡಲಿಲ್ಲ. 1984ರಿಂದ ಮೇರಿಲ್ಯಾಂಡ್ ಸರ್ಕಾರದ ಬಾಲನ್ಯಾಯ ಇಲಾಖೆಯಲ್ಲಿ ದಾರಿ ತಪ್ಪಿದ ಹುಡುಗರ ನಡುವೆ ಬಹಳ ವರ್ಷ ಕೆಲಸ ಮಾಡಿದರು.

33ನೇ ಬೀದಿಯ ಮೆಮೋರಿಯಲ್ ಕ್ರೀಡಾಂಗಣದ ಗದ್ದಲ ಎಷ್ಟಿತ್ತೆಂದರೆ ಶಿಕಾಗೊದ ಒಬ್ಬ ಪತ್ರಕರ್ತ ಅದನ್ನು ಜಗತ್ತಿನ ಅತಿ ದೊಡ್ಡ ಬಯಲು ಹುಚ್ಚಾಸ್ಪತ್ರೆ ಎಂದು ಕರೆದ. ಬಾಲ್ಟಿಮೋರಿಗರು ಅದನ್ನು ಬಿರುದೆಂದೇ ಸ್ವೀಕರಿಸಿದರು. 1964ರಿಂದ 1970ರವರೆಗೆ ಸತತ 51 ಪಂದ್ಯಗಳ ಟಿಕೆಟ್ ಪೂರ್ತಿ ಖರ್ಚಾಯಿತು. ಬಡಾವಣೆ ಬಡಾವಣೆಗೆ ‘ಕೋಲ್ಟ್ ಕೊರಲ್’ ಎಂಬ ಅಭಿಮಾನಿ ಸಂಘ. ಪ್ರತಿಯೊಂದಕ್ಕೂ ಒಂದು ನಂಬರು. ಇಲ್ಲೇ ಹುಟ್ಟಿದ ನಿರ್ದೇಶಕ ಬ್ಯಾರಿ ಲೆವಿನ್ಸನ್ ತಮ್ಮ ‘ಡೈನರ್’ ಚಿತ್ರದಲ್ಲಿ ಒಬ್ಬ ಮದುಮಗನನ್ನು ತಂದಿದ್ದಾರೆ. ಕೋಲ್ಟ್ಸ್ ಬಗ್ಗೆ ತಾನು ಒಡ್ಡುವ ಪರೀಕ್ಷೆಯಲ್ಲಿ ಹುಡುಗಿ ಪಾಸಾದರಷ್ಟೇ ತಾಳಿ ಎನ್ನುವ ಆಸಾಮಿ. ಹೊರಗಿನವರಿಗೆ ಅದು ತಮಾಷೆ. ಬಾಲ್ಟಿಮೋರಿನಲ್ಲಿ ಹಲವರಿಗೆ ಪ್ರಶ್ನೆಪತ್ರಿಕೆ ಸುಲಭವಾಯಿತು ಅನ್ನಿಸಿರಬೇಕು.

1971ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದದ್ದೇ ಕಡೆ, ಅಲ್ಲಿಂದ ಇಳಿಜಾರು. 1972ರಲ್ಲಿ ರಾಬರ್ಟ್ ಇರ್ಸೆ ಎಂಬುವರು ಲಾಸ್ ಏಂಜಲೀಸಿನ ರ‍್ಯಾಮ್ಸ್ ತಂಡ ಕೊಂಡು, ಅದನ್ನು ರೋಸೆನ್‌ಬ್ಲೂಮ್‌ಗೆ ಕೊಟ್ಟು, ಬದಲಿಗೆ ಕೋಲ್ಟ್ಸ್ ತೆಗೆದುಕೊಂಡರು. ಸೈಟು ಅದಲು-ಬದಲು ಮಾಡಿಕೊಂಡಷ್ಟೇ ಸಲೀಸಾಗಿ ಎರಡು ಊರಿನ ತಂಡಗಳು ಕೈ ಬದಲಾದವು. ಮರುವರ್ಷ ಯುನಿಟಸ್ ಸ್ಯಾನ್ ಡಿಯಾಗೊಕ್ಕೆ ರವಾನೆ. 1982ರಲ್ಲಿ ತಂಡ ಒಂದೂ ಪಂದ್ಯ ಗೆಲ್ಲಲಿಲ್ಲ. 1983ರಲ್ಲಿ ಆರಿಸಿಕೊಂಡ ಜಾನ್ ಎಲ್ವೇ ಬಾಲ್ಟಿಮೋರಿನಲ್ಲಿ ಆಡಲೊಲ್ಲೆ ಎಂದು ಹಟ ಹಿಡಿದು ಡೆನ್ವರಿಗೆ ಹೋದರು. ಕ್ರೀಡಾಂಗಣ ಹಳತಾಗಿತ್ತು, ಹೊಸದು ಕಟ್ಟುವ ಮಾತಿನಲ್ಲಿ ರಾಜ್ಯವೂ ನಗರವೂ ಮೀನಮೇಷ ಎಣಿಸುತ್ತಿದ್ದವು, ಕುರ್ಚಿಗಳು ಖಾಲಿ ಬಿದ್ದಿದ್ದವು. ಇರ್ಸೆ ಒಬ್ಬರನ್ನೇ ಖಳನಾಯಕ ಮಾಡಿದರೆ ಕಥೆ ಚೊಕ್ಕವಾಗುತ್ತದೆ, ಪೂರ್ತಿ ನಿಜವಾಗುವುದಿಲ್ಲ.

1984ರ ಜನವರಿಯಲ್ಲಿ ಇರ್ಸೆ ವಿಮಾನ ನಿಲ್ದಾಣದಲ್ಲಿ ಪತ್ರಕರ್ತರೆದುರು ನಿಂತು ತಂಡವನ್ನು ಸಾಗಿಸುವ ಉದ್ದೇಶವೇ ಇಲ್ಲವೆಂದರು. ಅತ್ತ ಇಂಡಿಯಾನಾಪೊಲಿಸ್ ನಗರ ತಂಡವೇ ಇಲ್ಲದೆ ಮೇಲ್ಛಾವಣಿಯ ಕ್ರೀಡಾಂಗಣ ಕಟ್ಟಿಸುತ್ತ ಕಾದಿತ್ತು. ಮಾರ್ಚ್ ಕೊನೆಯಲ್ಲಿ ಮೇರಿಲ್ಯಾಂಡಿನ ಶಾಸನಸಭೆ ಬಾಲ್ಟಿಮೋರ್ ನಗರಕ್ಕೆ ತಂಡವನ್ನೇ ಸ್ವಾಧೀನಪಡಿಸಿಕೊಳ್ಳುವ ಅಧಿಕಾರ ಕೊಡಲು ಹೊರಟಿತು. ರಸ್ತೆಗೆಂದು ಜಮೀನು ತೆಗೆದುಕೊಳ್ಳುವ ಕಾನೂನನ್ನು ಫುಟ್‌ಬಾಲ್ ತಂಡದ ಮೇಲೆ ಪ್ರಯೋಗಿಸುವ ಯೋಚನೆ! ನೋಟಿಸು ಬರುವ ಮೊದಲೇ ಮಾರ್ಚ್ 28ರ ರಾತ್ರಿ ಓವಿಂಗ್ಸ್ ಮಿಲ್ಸ್‌ನಲ್ಲಿದ್ದ ತಂಡದ ಕಚೇರಿಯೆದುರು ಮೇಫ್ಲವರ್ ಕಂಪನಿಯ ಹಸಿರು-ಹಳದಿ ಲಾರಿಗಳು ಸಾಲಾಗಿ ನಿಂತವು. ಹಿಮ ಬೀಳುತ್ತಿತ್ತು. ಹೆಲ್ಮೆಟ್ಟು, ಕಡತ, ಪ್ರಶಸ್ತಿ ಎಲ್ಲ ತುಂಬಿಕೊಂಡು, ಯಾರೂ ತಡೆಯದಿರಲೆಂದು ಬೇರೆ ಬೇರೆ ದಾರಿ ಹಿಡಿದು, ಬೆಳಗಾಗುವಷ್ಟರಲ್ಲಿ ಹೊರಟುಹೋದವು. ಮೇಯರ್ ವಿಲಿಯಂ ಡೊನಾಲ್ಡ್ ಶೆಫರ್ ಅವರಿಗೂ ಒಂದು ಮಾತು ಹೇಳಿರಲಿಲ್ಲ. ಮೊಕದ್ದಮೆ ನಡೆಯಿತು, 1985ರ ಕೊನೆಯಲ್ಲಿ ಫೆಡರಲ್ ನ್ಯಾಯಾಧೀಶರು, ನೀವು ಕೈ ಹಾಕುವಷ್ಟರಲ್ಲಿ ತಂಡ ನಿಮ್ಮ ಗಡಿ ದಾಟಿಯಾಗಿತ್ತು ಎಂಬರ್ಥದ ತೀರ್ಪಿತ್ತರು. ಹೆಸರು, ನೀಲಿ ಬಣ್ಣ, ಕುದುರೆ ಲಾಳದ ಗುರುತು, ಯುನಿಟಸ್ ಅವರ 19ನೇ ನಂಬರಿನ ದಾಖಲೆಗಳು, ಎಲ್ಲ ಇಂಡಿಯಾನಾಪೊಲಿಸ್ ಪಾಲಾದವು.

ಒಂದು ಮಾತ್ರ ಲಾರಿಗೆ ಏರಲಿಲ್ಲ. ಬ್ಯಾಂಡಿನ ಸಮವಸ್ತ್ರಗಳು ಅಂದು ಡ್ರೈ ಕ್ಲೀನಿಂಗಿಗೆ ಹೋಗಿದ್ದವು.

ಬ್ಯಾಂಡಿನ ಮುಖ್ಯಸ್ಥ ಜಾನ್ ಝೀಮನ್ 1962ರಿಂದ ಅದರಲ್ಲಿದ್ದವರು. ಆ ಬಟ್ಟೆ ಕಾನೂನಿನ ಪ್ರಕಾರ ತಂಡದ ಆಸ್ತಿ, ಇಂದಲ್ಲ ನಾಳೆ ಕೇಳಿಕೊಂಡು ಬರುತ್ತಾರೆ ಎಂದು ಅವರಿಗೆ ಗೊತ್ತು. ಡ್ರೈ ಕ್ಲೀನಿಂಗ್ ಅಂಗಡಿಯವರೂ ಇದೇ ಊರಿನವರಲ್ಲವೇ? ಬಟ್ಟೆ ತುಂಬಿದ ವ್ಯಾನ್ ಎಲ್ಲಿ ನಿಂತಿದೆ ಎಂದು ಸೂಚಿಸಿ ಆ ಕಡೆಗೆ ಕಣ್ಣು ಮುಚ್ಚಿಕೊಂಡರು. ಝೀಮನ್ ಮತ್ತು ಗೆಳೆಯರು ಸಮವಸ್ತ್ರಗಳನ್ನು ಒಯ್ದು ಬಚ್ಚಿಟ್ಟ ಜಾಗ ಒಂದು ಸ್ಮಶಾನದ ಸಮಾಧಿ ಮಂಟಪ. ಹುಡುಕುವವರು ಎಲ್ಲಿ ಹುಡುಕಿದರೂ ಅಲ್ಲಿಗೆ ಬರಲಾರರು. ಕೊನೆಗೆ ಇರ್ಸೆ ಅವರ ಪತ್ನಿಯೇ, ಅವು ಬ್ಯಾಂಡಿನವರ ಹತ್ತಿರವೇ ಇರಲಿ ಎಂದು ಒಪ್ಪಿದರು. ವಾದ್ಯ ಕೊಳ್ಳಲು ದುಡ್ಡು ಸಾಲದಾದಾಗ ಝೀಮನ್ ಹೆಂಡತಿಯ ಮದುವೆಯ ಉಂಗುರವನ್ನು ಗಿರವಿ ಇಟ್ಟರು. ಲೆವಿನ್ಸನ್ 2009ರಲ್ಲಿ ಈ ಬ್ಯಾಂಡಿನ ಮೇಲೆ ಮಾಡಿದ ಸಾಕ್ಷ್ಯಚಿತ್ರ ಈ ಕಥೆಯನ್ನು ದೇಶಕ್ಕೆಲ್ಲ ಮುಟ್ಟಿಸಿತು.

ನುಡಿಸುವುದಾದರೂ ಎಲ್ಲಿ? ಊರಿನ ಮೆರವಣಿಗೆಗಳಲ್ಲಿ, ಬೇರೆ ಊರಿನ ತಂಡಗಳು ಕರೆದಾಗ ಅವರ ಹಾಫ್‌ಟೈಮಿನಲ್ಲಿ. ‘ಬಾಲ್ಟಿಮೋರ್ ಕೋಲ್ಟ್ಸ್ ಮಾರ್ಚಿಂಗ್ ಬ್ಯಾಂಡ್’ ಎಂಬ ಹೆಸರನ್ನು ಬದಲಿಸಲಿಲ್ಲ. ಮೊದಲಿಗೆ ಕರೆದವರಲ್ಲಿ ಕ್ಲೀವ್‌ಲ್ಯಾಂಡಿನ ಬ್ರೌನ್ಸ್ ತಂಡದ ಮಾಲೀಕ ಆರ್ಟ್ ಮೊಡೆಲ್ ಒಬ್ಬರು. ಆ ಹೆಸರು ನೆನಪಿನಲ್ಲಿರಲಿ. 1987ರಲ್ಲಿ ಹೊಸ ಕ್ರೀಡಾಂಗಣಕ್ಕೆ ಹಣ ಕೊಡುವ ಮಸೂದೆ ಅನ್ನಾಪೊಲಿಸಿನಲ್ಲಿ ಚರ್ಚೆಯಲ್ಲಿದ್ದಾಗ, ಆಗ ರಾಜ್ಯಪಾಲರಾಗಿದ್ದ ಶೆಫರ್ ಬೆಂಬಲಕ್ಕೆ ಬ್ಯಾಂಡ್ ಶಾಸನಭವನದ ಮೆಟ್ಟಿಲ ಮೇಲೆ ನಿಂತು ಹಳೆಯ ಕೋಲ್ಟ್ಸ್ ಗೀತೆ ನುಡಿಸಿತು. ಕೊರಲ್ ಸಂಘಗಳೂ ಸಭೆ ನಿಲ್ಲಿಸಲಿಲ್ಲ. ಡೊನೊವನ್, ಮಾರ್ಕೆಟಿ, ಯುನಿಟಸ್ ಯಾರೂ ಇಂಡಿಯಾನಾಪೊಲಿಸ್ ತಂಡವನ್ನು ತಮ್ಮದೆಂದು ಒಪ್ಪಲಿಲ್ಲ. ಯುನಿಟಸ್ ತಮ್ಮ ಸಾಧನೆಗಳನ್ನು ಬಾಲ್ಟಿಮೋರಿನ ಹೆಸರಿನಲ್ಲಷ್ಟೇ ತೋರಿಸಬೇಕೆಂದು ಪಟ್ಟು ಹಿಡಿದರು. ಹಳೆಯ ಗಾಯದಿಂದ ಬಲಗೈ ಬೆರಳುಗಳು ಅವರ ಮಾತು ಕೇಳುತ್ತಿರಲಿಲ್ಲ. ಹಸ್ತಾಕ್ಷರ ಕೇಳಿದವರಿಗೆ ಮಾತ್ರ ಕಷ್ಟಪಟ್ಟಾದರೂ ಹಾಕಿಕೊಡುತ್ತಿದ್ದರು.

1993ರಲ್ಲಿ ಲೀಗ್ ಎರಡು ಹೊಸ ತಂಡ ಕೊಟ್ಟಿತು, ಶಾರ್ಲೆಟ್‌ಗೆ ಒಂದು, ಜಾಕ್ಸನ್‌ವಿಲ್‌ಗೆ ಒಂದು. ಕ್ರೀಡಾಂಗಣದ ಹಣದಲ್ಲಿ ಬಾಲ್ಟಿಮೋರ್ ಬೇಕಾದರೆ ವಸ್ತುಸಂಗ್ರಹಾಲಯ ಕಟ್ಟಿಕೊಳ್ಳಲಿ ಎಂಬರ್ಥದಲ್ಲಿ ಕಮಿಷನರ್ ಪಾಲ್ ಟ್ಯಾಗ್ಲಿಯಬೂ ಆಡಿದ ಮಾತನ್ನು ಈ ಊರು ಇನ್ನೂ ಜೀರ್ಣಿಸಿಕೊಂಡಿಲ್ಲ. ಮರುವರ್ಷ ಕೆನಡಾ ಲೀಗಿನ ತಂಡವೊಂದು ಬಂತು. ಅದಕ್ಕೆ ‘ಕೋಲ್ಟ್ಸ್’ ಹೆಸರಿಡಲು ಹೋದರೆ ನ್ಯಾಯಾಲಯ ತಡೆಯಿತು. ಅದಕ್ಕೇನಂತೆ, ಘೋಷಕ ‘ನಿಮ್ಮ ಬಾಲ್ಟಿಮೋರ್ ಸಿಎಫ್‌ಎಲ್...’ ಎಂದು ನಿಲ್ಲಿಸುವುದು, ಉಳಿದ ಒಂದು ಪದವನ್ನು ಇಡೀ ಕ್ರೀಡಾಂಗಣ ಕೂಗುವುದು! ಆ ಒಂದು ಪದಕ್ಕೆ ಯಾವ ನ್ಯಾಯಾಲಯ ಯಾರ ಮೇಲೆ ನೋಟಿಸು ಕೊಟ್ಟೀತು? ಸ್ಟಾಲಿಯನ್ಸ್ ಎಂದು ಹೆಸರಾದ ಆ ತಂಡ 1995ರಲ್ಲಿ ಗ್ರೇ ಕಪ್ ಗೆದ್ದಿತು. ಅಮೆರಿಕದ ಬೇರಾವ ತಂಡವೂ ಆ ಕಪ್ ಗೆದ್ದಿಲ್ಲ. ಗೆದ್ದ ಕೆಲವೇ ತಿಂಗಳಲ್ಲಿ ಅದೂ ಮಾಂಟ್ರಿಯಲ್‌ಗೆ ಗಂಟುಮೂಟೆ ಕಟ್ಟಿತು. ಕಾರಣ, 1995ರ ನವೆಂಬರಿನಲ್ಲಿ ಆರ್ಟ್ ಮೊಡೆಲ್ ತಮ್ಮ ಬ್ರೌನ್ಸ್ ತಂಡವನ್ನು ಬಾಲ್ಟಿಮೋರಿಗೆ ತರುವುದಾಗಿ ಘೋಷಿಸಿದ್ದರು.

ಬಾಲ್ಟಿಮೋರಿಗರ ಪಾಲಿಗೆ ಇದು ಗಂಟಲಿನಲ್ಲಿ ಸಿಕ್ಕಿಕೊಂಡ ಸಂತೋಷ. ಹನ್ನೆರಡು ವರ್ಷ ತಾವು ಶಪಿಸಿದ ಕೆಲಸವನ್ನೇ ಈಗ ತಮ್ಮ ಪರವಾಗಿ ಒಬ್ಬರು ಮಾಡಿದ್ದರು. ಅತ್ತ ಕ್ಲೀವ್‌ಲ್ಯಾಂಡಿನಲ್ಲಿ ಜನ ಕಣ್ಣೀರು ಹಾಕುತ್ತಿದ್ದರು. ಬೇಡ ಎಂದವರು ಹೆಚ್ಚೇನಿರಲಿಲ್ಲ. ಆದರೆ ಒಂದು ವಿಷಯದಲ್ಲಿ ಈ ಎತ್ತಂಗಡಿ ಬೇರೆಯಾಯಿತು: ಬ್ರೌನ್ಸ್ ಹೆಸರು, ಬಣ್ಣ, ದಾಖಲೆ ಎಲ್ಲವೂ ಕ್ಲೀವ್‌ಲ್ಯಾಂಡಿನಲ್ಲೇ ಉಳಿಯಬೇಕೆಂದು ಒಪ್ಪಂದವಾಯಿತು. 1999ರಲ್ಲಿ ಅಲ್ಲಿ ಹೊಸ ಬ್ರೌನ್ಸ್ ಶುರುವಾದಾಗ ಹಳೆಯ ಇತಿಹಾಸ ಕಾದಿತ್ತು. ಬಾಲ್ಟಿಮೋರಿಗೆ ಬಂದ ಆಟಗಾರರಿಗೆ ಹೊಸ ಹೆಸರು ಬೇಕಾಯಿತು. ಪತ್ರಿಕೆಯೊಂದರ ಓದುಗರ ಮತದಲ್ಲಿ, ಈ ಊರಿನಲ್ಲೇ ಮಣ್ಣಾದ ಎಡ್ಗರ್ ಅಲನ್ ಪೋ ಅವರ ಕವಿತೆಯ ಕಪ್ಪು ಹಕ್ಕಿ ಗೆದ್ದಿತು: ರೇವೆನ್ಸ್.

1996ರ ಸೆಪ್ಟೆಂಬರ್ 1ರಂದು ಮೆಮೋರಿಯಲ್ ಕ್ರೀಡಾಂಗಣದಲ್ಲಿ ರೇವೆನ್ಸ್ ಮೊದಲ ಪಂದ್ಯ ಆಡಿ ಓಕ್‌ಲ್ಯಾಂಡನ್ನು 19-14ರಲ್ಲಿ ಸೋಲಿಸಿತು. ಮೊದಲೆರಡು ಋತು ನುಡಿಸಿದ್ದು ಕೋಲ್ಟ್ಸ್ ಹೆಸರಿನ ಬ್ಯಾಂಡೇ. ಯುನಿಟಸ್ ರೇವೆನ್ಸ್ ಪಂದ್ಯಗಳಿಗೆ ಬಂದು ಗೆರೆಯ ಪಕ್ಕದಲ್ಲಿ ನಿಲ್ಲತೊಡಗಿದರು. ಹೊಸ ತಂಡವನ್ನು ಒಪ್ಪಿಕೊಳ್ಳಬೇಕೋ ಬೇಡವೋ ಎಂದು ಹಳೆಯ ಅಭಿಮಾನಿಗಳು ತೂಗುತ್ತಿದ್ದಾಗ ಆ ನಿಲುವೇ ಅಪ್ಪಣೆಯಾಯಿತು. 1997ರ ಡಿಸೆಂಬರಿನಲ್ಲಿ ಆ ಅಂಗಳದ ಕೊನೆಯ ಪಂದ್ಯ ಮುಗಿದ ಮೇಲೆ ಹಳೆಯ ಕೋಲ್ಟ್ಸ್ ಆಟಗಾರರು ಮೈದಾನಕ್ಕಿಳಿದು ಕೊನೆಯದೊಂದು ಆಟ ಆಡಿದರು. ಕ್ರೀಡಾಂಗಣವನ್ನು 2001ರಲ್ಲಿ ಕೆಡವತೊಡಗಿದರು. ಈಗ ಅಲ್ಲಿ ಹಿರಿಯರ ವಸತಿ, ವ್ಯಾಯಾಮಶಾಲೆ, ಮಕ್ಕಳ ಆಟದ ಬಯಲು ಇವೆ. 2002ರ ಸೆಪ್ಟೆಂಬರ್ 11ರಂದು ಯುನಿಟಸ್ ತೀರಿಕೊಂಡರು. ಹೊಸ ಕ್ರೀಡಾಂಗಣದೆದುರು ಅವರ ಕಂಚಿನ ಪ್ರತಿಮೆಯಿದೆ. ಒಳಗೆ ಹೋಗುವ ಮುನ್ನ ನೇರಳೆ ಅಂಗಿಯ ಜನ ಅದರ ಬೂಟಿನ ತುದಿ ಮುಟ್ಟಿ ಹೋಗುತ್ತಾರೆ. ಡೊನೊವನ್ 2013ರಲ್ಲಿ, ಮಾರ್ಕೆಟಿ 2019ರಲ್ಲಿ ಹೋದರು.

2007ರ ಜನವರಿಯಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಪ್ಲೇಆಫ್ ಆಡಲು ಇಲ್ಲಿಗೇ ಬಂದು, ಒಂದೂ ಟಚ್‌ಡೌನ್ ಮಾಡದೆ ಐದು ಫೀಲ್ಡ್ ಗೋಲ್ ಹೊಡೆದು 15-6ರಲ್ಲಿ ಗೆದ್ದು ಹೋಯಿತು. ಸ್ಕೋರ್‌ಬೋರ್ಡಿನಲ್ಲಿ ಆ ತಂಡವನ್ನು ಊರಿನ ಹೆಸರಿನಿಂದ ಮಾತ್ರ ಸೂಚಿಸುವುದು ಇಲ್ಲಿಯ ರೂಢಿ. ‘ಕೋಲ್ಟ್ಸ್’ ಎಂಬ ಪದ ಅತಿಥಿಗಳಿಗಿಲ್ಲ. ಚಿಕ್ಕತನ ಎನ್ನುವವರು ಎನ್ನಲಿ, ನನಗೇನೋ ಅದು ಸರಿಯಾದ ಲೆಕ್ಕವೆಂದೇ ತೋರುತ್ತದೆ.

1998ರಲ್ಲಿ ಬ್ಯಾಂಡ್ ನೀಲಿ ಬಿಚ್ಚಿ ನೇರಳೆ ತೊಟ್ಟು ‘ಬಾಲ್ಟಿಮೋರ್ಸ್ ಮಾರ್ಚಿಂಗ್ ರೇವೆನ್ಸ್’ ಆಯಿತು. 2010ರಲ್ಲಿ ಹಳೆಯ ಕೋಲ್ಟ್ಸ್ ಗೀತೆಯ ಧಾಟಿ ಉಳಿಸಿಕೊಂಡು, ಸಾಹಿತ್ಯವನ್ನು ರೇವೆನ್ಸ್‌ಗೆ ಹೊಂದಿಸಿ ಮತ್ತೆ ನುಡಿಸತೊಡಗಿದರು. ಸ್ಥಾಪನೆಯಾದ ವರ್ಷ ಕೇಳಿದರೆ ಬ್ಯಾಂಡಿನವರು ಈಗಲೂ 1947 ಎಂದೇ ಹೇಳುತ್ತಾರೆ. ತಾನು ನುಡಿಸುವ ತಂಡಕ್ಕಿಂತ ಈ ಬ್ಯಾಂಡ್ 49 ವರ್ಷ ದೊಡ್ಡದು.